ಪಟ್ಟಿಯ ಕೊನೆಯ ಸಾಲು

ತಂತಿಯ ಮೇಲೆ ಒಣಗುತ್ತಿದ್ದ ಅತ್ತೆಯ ಶಾಲಿಗೆ ಪೇಂಟರಣ್ಣ ಬೆಳಗ್ಗೆ ತಲೆಬಾಗಿಸಿ, "ಹೊರಗ್ಯಾಕೆ ನಿಂತಿದ್ದೀರಿ ಅತ್ತೆ? ಒಳಗೆ ಬನ್ನಿ" ಎಂದದ್ದೇ ಎಲ್ಲಕ್ಕೂ ಮೂಲ. ಅತ್ತೆ ಒಳಗೆ ಕೂತು ಕಾಫಿ ಕುಡಿಯುತ್ತಿದ್ದರು.

"ಇವತ್ತೇ ಹೋಗಿ ಕಣ್ಣು ತೋರಿಸ್ಕೊಂಡು ಬನ್ನಿ" ಎಂದಳು ಹೆಂಡತಿ. "ನಾಳೆ ಮಗಳ ಅಂಗಡಿ ಶುರು. ಬಂದವರನ್ನ ಬಿಟ್ಟು ಬಾಗಿಲಿಗೆ ಕೈಮುಗಿದುಬಿಟ್ಟೀರಿ!"

ಮಗಳ ಹೊಲಿಗೆ ಅಂಗಡಿಯ ಬೋರ್ಡನ್ನು ಹಿಂದಿನ ದಿನವಷ್ಟೇ ಬರೆದು ಮುಗಿಸಿ ಹಿತ್ತಲಲ್ಲಿ ಒರಗಿಸಿದ್ದ. ಮೂವತ್ತು ವರ್ಷ ಊರವರ ಹೆಸರನ್ನೆಲ್ಲ ಬರೆದ ಕೈ ಮಗಳ ಹೆಸರನ್ನು ಬರೆದದ್ದು ಇದೇ ಮೊದಲು. ಅದು ಕೂದಲೆಳೆಯಷ್ಟೂ ಓರೆಯಾಗಬಾರದು ಎಂಬುದೊಂದೇ ಅವನ ಆಸೆ. ಆ ಆಸೆಗಾಗಿಯೇ ಚಪ್ಪಲಿ ಮೆಟ್ಟಿ ಹೊರಟ.

ಬೀದಿಯಲ್ಲಿ ಕನ್ನಡಕದ ಅಂಗಡಿಗಳು ಮೂರು. ಮೊದಲನೆಯದರಲ್ಲಿ ಗೋಡೆಯ ಅಕ್ಷರಪಟ್ಟಿಯ ಎದುರು ಕೂರಿಸಿದರು. ದಪ್ಪಕ್ಷರದಿಂದ ಹಿಡಿದು ಇರುವೆ ಸಾಲಿನಂಥ ಕೊನೆಯ ಸಾಲಿನವರೆಗೆ ಪೇಂಟರಣ್ಣ ಎಲ್ಲಿಯೂ ತಡವರಿಸಲಿಲ್ಲ. "ಟ, ಮ, ಖ, ಲ, ವ" ಎಂದು ಮುಗಿಸಿ, ಮಗ್ಗಿ ಒಪ್ಪಿಸಿದ ಹುಡುಗನಂತೆ ಎದೆಯುಬ್ಬಿಸಿದ.

"ನಿಮ್ಮದು ಹದ್ದಿನ ಕಣ್ಣು. ಕನ್ನಡಕ ಯಾಕ್ರೀ?" ಎಂದರು ಅಂಗಡಿಯವರು.

ಹೊರಬರುವಾಗ ಹದ್ದು ಗಾಜಿನ ಬಾಗಿಲಿಗೆ ಹಣೆ ಬಡಿದುಕೊಂಡಿತು.

ಎರಡನೆಯ ಅಂಗಡಿಯವರು ಹಣೆಯ ಬುಗುಟು ನೋಡಿ, ಎಲ್ಲ ಓದಿದರೂ ಇರಲಿ ಎಂದು ಅರ್ಧ ನಂಬರು ಬರೆದುಕೊಟ್ಟರು. ಮೂರನೆಯವರು ಛಲ ಬಿಡದ ಮನುಷ್ಯ. ಒಂದಾದ ಮೇಲೊಂದು ಗಾಜು ಬದಲಿಸಿದರು.

"ಇದರಲ್ಲಿ?"

"ಟ, ಮ, ಖ, ಲ, ವ."

"ಈಗ?"

"ಟ, ಮ, ಖ, ಲ, ವ."

ಇಪ್ಪತ್ತನೆಯ ಗಾಜಿಗೆ ಅವರಿಗೇ ಕಣ್ಣು ಕತ್ತಲಿಟ್ಟಿತು. ಆ ಹೊತ್ತಿಗೆ ಚೌಕಟ್ಟಿನಲ್ಲಿ ಯಾವುದಿತ್ತೋ ಅದನ್ನೇ ಚೀಟಿಯಲ್ಲಿ ಬರೆದರು: ಒಂದೂಮುಕ್ಕಾಲು. ಜೊತೆಗೆ ಓರೆ ನೋಟಕ್ಕೆಂದು ಇನ್ನೊಂದು ಅಂಕಿ.

ಎದುರಿನ ಕ್ಷೌರದಂಗಡಿಯವನು ವಿಷಯ ಕೇಳಿ, ಕೈಯಲ್ಲಿ ಕತ್ತರಿ ಹಿಡಿದುಕೊಂಡೇ ಹೊರಬಂದ. "ಇದರಲ್ಲಿ ಯೋಚನೆ ಮಾಡೋದೇನಿದೆ ಪೇಂಟರಣ್ಣ? ಇರೋದರಲ್ಲಿ ದೊಡ್ಡ ನಂಬರೇ ತಗೊಳ್ಳಿ. ಮಕ್ಕಳಿಗೆ ಬಟ್ಟೆ ಹೊಲಿಸೋವಾಗ ಒಂದು ಅಳತೆ ದೊಡ್ಡದು ಹೊಲಿಸಲ್ವಾ? ಹಾಗೇನೆ. ನಾಲ್ಕು ಕಾಲ ಬಾಳಿಕೆ ಬರುತ್ತೆ."

ಮಾತು ಹೌದೆನ್ನಿಸಿತು. ಎರಡು ಗಂಟೆಯಲ್ಲಿ ಕನ್ನಡಕ ಮೂಗೇರಿತು. ನೆಲ ಎಲ್ಲಿಗೋ ಇಳಿದುಹೋಗಿತ್ತು. ಇಲ್ಲದ ಮೆಟ್ಟಿಲುಗಳನ್ನು ಹತ್ತುತ್ತ, ಕೆಸರಿಗಿಳಿದ ಕೊಕ್ಕರೆಯಂತೆ ಹೆಜ್ಜೆ ಎತ್ತೆತ್ತಿ ಹಾಕುತ್ತ ಮನೆ ಸೇರಿದ.

"ಈಗ ನಾನು ಕಾಣ್ತೀನಾ ಅಳಿಯಂದಿರೇ?" ಎಂದರು ಅತ್ತೆ.

"ಕಾಣ್ತೀರಿ ಅತ್ತೆ. ಸ್ವಲ್ಪ ಬಲಕ್ಕೆ ವಾಲಿದ್ದೀರಿ."

ಅತ್ತೆ ಗಾಬರಿಯಿಂದ ನೆಟ್ಟಗೆ ಕೂತರು. ಆಮೇಲೆ ಅಂದೆಲ್ಲ ಹಾಗೆಯೇ ಕೂತಿದ್ದರು.

ಪೇಂಟರಣ್ಣ ಹಿತ್ತಲಿಗೆ ಹೋದವನು ಎದೆ ಹಿಡಿದುಕೊಂಡ. ಮಗಳ ಹೆಸರು ಬಲಕ್ಕೆ ಜಾರಿತ್ತು, ಇಳಿಜಾರಿನಲ್ಲಿ ನಿಲ್ಲಿಸಿದ ಕೈಗಾಡಿಯ ಹಾಗೆ. ಹಲಗೆಯೂ ಓರೆಯಾಗಿಯೇ ಕಂಡಿತು. ಬಡಗಿಯನ್ನು ಬೈದ. "ಇಷ್ಟು ದಿನ ಹೀಗೇ ಬರೀತಿದ್ದೆನಾ? ಒಬ್ಬರಾದರೂ ಬಾಯಿಬಿಟ್ಟು ಹೇಳಬಾರದಿತ್ತಾ!" ಎಂದು ನೊಂದುಕೊಂಡು ಹೆಸರನ್ನು ಪೂರ್ತಿ ಅಳಿಸಿದ. ದಾರ ಹಿಡಿದು, ಕನ್ನಡಕದಲ್ಲಿ ಕಣ್ಣು ಕಿರಿದು ಮಾಡಿ, ಊಟವನ್ನೂ ಬಿಟ್ಟು ಸಂಜೆಯವರೆಗೆ ಹೊಸದಾಗಿ ಬರೆದ.

ಮಗಳು ಬಂದಳು. ಬೋರ್ಡನ್ನು ನೋಡಿದಳು, ಅಪ್ಪನ ಮುಖವನ್ನು ನೋಡಿದಳು. ಕೊರಳಲ್ಲಿದ್ದ ಅಳತೆಯ ಟೇಪನ್ನು ಸದ್ದಿಲ್ಲದೆ ಹಲಗೆಯ ಅಂಚಿಗೆ ಹಿಡಿದಳು. ಕೆಳ ಅಂಚಿನಿಂದ ಅಕ್ಷರಕ್ಕೆ ಎಡಗಡೆ ನಾಲ್ಕು ಇಂಚು, ಬಲಗಡೆ ಆರು.

"ಅಪ್ಪಾ, ಆ ಕನ್ನಡಕ ಒಂದು ಸಲ ತೆಗಿ."

ತೆಗೆದ. ಅಕ್ಷರಗಳು ಮಸುಕಾಗಿದ್ದವು, ಆದರೂ ಬಲಕ್ಕೆ ಗುಡ್ಡ ಹತ್ತುತ್ತಿರುವುದು ಕಂಡಿತು. ಮತ್ತೆ ಬ್ರಷ್ ಎತ್ತಿಕೊಂಡ. "ಅಳಿಸ್ತೀನಿ ಮಗಳೇ. ರಾತ್ರಿಯೆಲ್ಲ ಕೂತು…"

"ಮುಟ್ಟಬೇಡ. ನನ್ನ ಹೆಸರು ಎರಡು ಸಲ ಬರೆದಿದ್ದೀಯ, ಇನ್ಯಾರಿಗುಂಟು ಆ ಭಾಗ್ಯ? ಎಡಗಡೆ ಎರಡು ಇಂಚು ಎತ್ತಿ ಕಟ್ಟಿದರಾಯ್ತು." ಬ್ರಷ್ಷನ್ನು ಅವನ ಕೈಯಿಂದ ಬಿಡಿಸಿಕೊಂಡು ಕೇಳಿದಳು, "ಅದಿರಲಿ, ಕ್ಷೌರದಂಗಡಿಯವನು ಎಲ್ಲ ಹೇಳಿದ. ಬಾಗಿಲೇ ಕಾಣದೋನು ಪಟ್ಟಿ ಹೇಗೆ ಓದಿದೆ? ಆ ಪಟ್ಟಿ ಬರೆದೋರು ಯಾರು?"

ಪೇಂಟರಣ್ಣ ನೆಲ ನೋಡಿದ. "ನಾನೇ. ಮೂರೂ ಅಂಗಡಿಗೆ."

"ಅಪ್ಪಾ!"

"ಮತ್ತೇನು ಮಾಡ್ಲಿ? ನಾನು ಬರೆದ ಅಕ್ಷರ ನನಗೇ ಕಾಣಲ್ಲ ಅಂದ್ರೆ ನಾಳೆ ಯಾರು ಕೆಲಸ ಕೊಡ್ತಾರೆ?"

ಮಗಳು ನಗು ತಡೆಯಲಾರದೆ ಅವನ ಭುಜಕ್ಕೆ ಹಣೆ ಒತ್ತಿದಳು. "ಆಯ್ತು, ನಾಡಿದ್ದು ನಾನೇ ಕರ್ಕೊಂಡು ಹೋಗ್ತೀನಿ. ಬಸ್ ನಿಲ್ದಾಣದ ಹತ್ತಿರ ಹೋದ ವಾರ ಹೊಸ ಅಂಗಡಿ ಆಗಿದೆ. ಅಲ್ಲಿನ ಪಟ್ಟಿ ನಿನಗೆ ಗೊತ್ತಿರಲ್ಲ ತಾನೇ?"

ಪೇಂಟರಣ್ಣ ಕನ್ನಡಕವನ್ನು ಅಂಗಿಯ ತುದಿಯಲ್ಲಿ ಬಹಳ ಹೊತ್ತು ಒರೆಸಿದ.

"ಟ, ಮ, ಖ, ಲ, ವ" ಎಂದ ಮೆಲ್ಲಗೆ.