ಇಲ್ಲದ ಲಿಂಡಾಗೆ ಮಹಡಿಯ ಕೋಣೆ

ನಾವಿರುವ ಫಾಲೋಫೀಲ್ಡ್ ಬಡಾವಣೆಯ ಸಮುದಾಯ ಕೇಂದ್ರದ ಹಿಂದಿನ ಕೋಣೆಯಲ್ಲಿ ಅಂದು ಇದ್ದವರು ಮೂವರೇ: ಮೂಲೆಯಲ್ಲಿ ಪೆನ್ನು ಹಿಡಿದ ಪರೀಕ್ಷಕಿ, ನನ್ನೆದುರು ಮೌರೀನ್, ಮತ್ತು ಆತ್ಮವಿಶ್ವಾಸದ ಸಾಕಾರಮೂರ್ತಿಯಾದ ನಾನು.

ಸಾಲದಲ್ಲಿ ಮುಳುಗಿ ದಿವಾಳಿ ಅರ್ಜಿ ಹಾಕುವವರಿಗೆ ಸಲಹೆ ಕೊಡಲು ಮಾನ್ಯತೆ ಬೇಕು. ಅದು ನಮ್ಮ ಕೇಂದ್ರದಲ್ಲಿ ಯಾರಿಗೂ ಇರಲಿಲ್ಲ. ನಾನು ಪಾಸಾದರೆ ಸೇವೆ ಇಲ್ಲೇ ಶುರು. ಇಲ್ಲದಿದ್ದರೆ ಪಾಪ, ಜನ ಬಸ್ಸು ಹತ್ತಿ ಸಿಟಿಗೆ ಹೋಗಿ ಸರದಿ ಕಾಯಬೇಕು. ಅಜ್ಜಿಯ ಅಡುಗೆಮನೆಯಲ್ಲಿ ಕೂತು ಬೀದಿಯವರ ಕಷ್ಟವನ್ನೆಲ್ಲ ಕೇಳಿ ಬೆಳೆದವಳು ನಾನು. ಇದೇನು ಮಹಾ!

ಪರೀಕ್ಷೆಯೆಂದರೆ ನಾಟಕ. ನಿವೃತ್ತ ಬಸ್ ಚಾಲಕಿ ಮೌರೀನ್ 'ಲಿಂಡಾ' ಎಂಬ ಸಾಲಗಾರ್ತಿಯಾಗಬೇಕು. ನಾನು ವಿಚಾರಿಸಿ, ಇರುವ ದಾರಿಗಳನ್ನು ವಿವರಿಸಬೇಕು.

ಅಬ್ಬಾ, ಅದೇನು ಅಭಿನಯ! ಮೊದಲು ಕೈಚೀಲದ ಪಟ್ಟಿ ತಿರುಚಿದರು. ಆಮೇಲೆ ಕಿಟಕಿಯ ಕಡೆ ನೋಡಿದರು. "ಮನೆ ಖಾಲಿ ಮಾಡು ಅಂದಿದ್ದಾರೆ," ಎಂದು ಸುಮ್ಮನಾದರು. ಅಳಲಿಲ್ಲ. ಅಳು ನುಂಗಿದರು! ಅತ್ತಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದೆ.

"ಊಟ ಆಯ್ತಾ?" ಎಂದೆ.

"ಬೆಳಿಗ್ಗೆಯಿಂದ ಬರೀ ಟೀ, ಲವ್." ಎದುರಿಗಿದ್ದವರನ್ನು ಅಕ್ಕರೆಯಿಂದ 'ಲವ್' ಅನ್ನುವುದು ಇಲ್ಲಿನವರ ರೂಢಿ.

ನನ್ನ ಚಿತ್ರಾನ್ನದ ಡಬ್ಬಿ ಮೇಜಿನ ಮೇಲೆ ಬಂತು.

"ನಾನೀಗ ಎಲ್ಲಿಗೆ ಹೋಗಲಿ?"

"ನಮ್ಮ ಮಹಡಿ ಮೇಲೆ ಒಂದು ಕೋಣೆ ಖಾಲಿ ಇದೆ, ಬಂದುಬಿಡಿ!" ಪೋಸ್ಟ್‌ಕೋಡ್ ಸಮೇತ ವಿಳಾಸ ಬರೆದುಕೊಟ್ಟೆ.

ಪರೀಕ್ಷಕಿಯ ಪೆನ್ನು ನಿಂತಿತು.

"ನಿಮ್ಮ ಕರುಣೆ ದೊಡ್ಡದು. ಆದರೆ ದಿವಾಳಿಯ ಮಾತು ಬರಲೇ ಇಲ್ಲ," ಎಂದರು. ನಪಾಸು!

ಮನೆಯಲ್ಲಿ ನಮ್ಮ ಯಜಮಾನರು ಬಿದ್ದು ಬಿದ್ದು ನಕ್ಕರು. "ಅಲ್ಲ ಕಣೇ, ಇಲ್ಲದೇ ಇರೋಳಿಗೆ ಕೋಣೆ ಕೊಟ್ಟು ಬಂದ್ಯಾ? ನಮ್ಮಕ್ಕ ಬಂದಾಗ ಸೋಫಾ ಮೇಲೆ ಮಲಗಿಸಿದ್ಯಲ್ಲ!"

"ನಿಮ್ಮಕ್ಕಂಗೆ ಮೌರೀನ್ ಥರ ಸುಮ್ನಿರಕ್ಕೆ ಬರಲ್ಲ ಕಣ್ರೀ."

ಇನ್ನೊಂದು ಅವಕಾಶವಿತ್ತು. ತಯಾರಿ ಮಾಡಿಸಲು ಮೌರೀನ್ ತಾವಾಗಿಯೇ ಬಂದರು. "ನೋಡಿ, ಬಸ್ಸು ಹತ್ತೋರು ತಡವರಿಸಿದ್ರೆ ನಾನು ಕಾಯ್ತಿದ್ದೆ. ಎತ್ತಿಕೊಂಡು ಹೋಗಿ ಸೀಟಲ್ಲಿ ಕೂರಿಸ್ತಿರಲಿಲ್ಲ," ಎಂದರು. ಅವರ ತಾಳ್ಮೆಗೆ ಮನಸ್ಸಿನಲ್ಲೇ ನಮಸ್ಕಾರ ಹಾಕಿದೆ.

ಎರಡನೆಯ ಸಲ ಊಟದ ಡಬ್ಬಿಯನ್ನು ಮನೆಯಲ್ಲೇ ಬಿಟ್ಟು, ಮತ್ತೆ ವಿಳಾಸ ಬರೆದುಕೊಡದಂತೆ ಎರಡೂ ಕೈಗಳ ಮೇಲೆ ಕೂತುಕೊಂಡೆ. ಮೌರೀನ್ ಅಳು ನುಂಗಿದರು. ನಾನೂ ನುಂಗಿದೆ. ಅವರು ಸುಮ್ಮನಾದರು; ನಾನೂ ಬಾಯಿ ಬಿಡದೆ ಕಾದೆ. ಆಗ ಅವರೇ ಒಂದೊಂದಾಗಿ ಎಲ್ಲ ಹೇಳಿದರು. ಕಂತಿನಲ್ಲಿ ತೀರಿಸುವ ದಾರಿ ಯಾವುದು, ದಿವಾಳಿಯಾದರೆ ಉಳಿಯುವುದೇನು, ಹೋಗುವುದೇನು, ಎಲ್ಲವನ್ನೂ ವಿವರಿಸಿದೆ. ಮಾನ್ಯತೆ ಸಿಕ್ಕಿತು! ಮರುವಾರದಿಂದಲೇ ಕೇಂದ್ರಕ್ಕೆ ಜನ ಬರತೊಡಗಿದರು. ಇನ್ನು ಯಾರ ಕಣ್ಣೀರಿಗೂ ಕರಗದ ಬಂಡೆ ನಾನು ಎಂದು ಯಜಮಾನರ ಮುಂದೆ ಘೋಷಿಸಿದೆ.

ಆ ಚಳಿಗಾಲದಲ್ಲಿ ಮೌರೀನ್ ಮನೆಯನ್ನು ಬೆಚ್ಚಗಿಡುವ ಬಾಯ್ಲರ್ ಕೆಟ್ಟಿತು. ನಾನು ಬರೆದುಕೊಟ್ಟ ಅದೇ ಚೀಟಿ ಹಿಡಿದು ನಮ್ಮ ಬಾಗಿಲಿಗೆ ಬಂದರು. "ಲಿಂಡಾಳ ಕೋಣೆ ಇನ್ನೂ ಖಾಲಿ ಇದೆಯಾ?"

ರಾತ್ರಿ ಊಟಕ್ಕೆ ಕೂತಾಗ ಅವರು ತಟ್ಟೆ ಖಾಲಿ ಮಾಡಿ ಕಿಟಕಿಯ ಕಡೆ ನೋಡಿದರು. ಕರವಸ್ತ್ರದ ತುದಿ ತಿರುಚಿದರು. ಏನೋ ನುಂಗಿದರು.

"ಏನಾಯ್ತು ಮೌರೀನ್?" ನನ್ನ ಕಣ್ಣು ಆಗಲೇ ತುಂಬಿತ್ತು.

"ಏನಿಲ್ಲ ಲವ್... ಆ ಸಾರು ಇನ್ನೊಂದು ಸೌಟು ಸಿಗಬಹುದಾ ಅಂತ."

ನನ್ನ ಪಾಲಿನ ಸಾರನ್ನೂ ಅವರಿಗೇ ಬಡಿಸಿ, ನಾನು ಮೊಸರನ್ನ ತಿಂದೆ.