ಹನ್ನೆರಡೂವರೆ ಫೂಟಿನ ಮುಚ್ಚಳ

ಬಾವಿಗೆ ಮುಚ್ಚಳ ಹಾಕಲು ಹೋಗಿ ಇಡೀ ಹಿತ್ತಲಿಗೆ ಮುಚ್ಚಳ ಹಾಕಿದವಳು ನಾನು. ತಪ್ಪು ಬಾವಿಯದಲ್ಲ, ಮುಚ್ಚಳ ಮಾಡಿದ ಇಮಾಮಸಾಬನದೂ ಅಲ್ಲ. ನನ್ನದು. ನಮ್ಮೂರು ಹಿರೇಬೆಂಡಿಗೇರಿಯಲ್ಲಿ ಈ ಕಥೆಯನ್ನು ಒಬ್ಬೊಬ್ಬರು ಒಂದೊಂದು ತರಹ ಹೇಳುತ್ತಾರೆ. ಅವರ ಮಾತು ನಂಬಬೇಡಿ. ನಡೆದದ್ದು ಅದಕ್ಕಿಂತ ಕೆಟ್ಟದ್ದು.

ನಮ್ಮ ಸೊಸೆ ರೇಣುಕಾ ಬಾಣಂತನಕ್ಕೆಂದು ಹಿರೇಕೆರೂರಿನ ತವರಿಗೆ ಹೋಗಿದ್ದಳು. ಐದನೆಯ ತಿಂಗಳಿಗೆ ಕೂಸನ್ನು ಕರೆದುಕೊಂಡು ಬರಬೇಕಿತ್ತು. ಆಗ ಅವಳ ತಂಗಿಯ ಲಗ್ನ ಬಂತು. ಆಮೇಲೆ ಅವಳ ಅವ್ವನ ಕಾಲು ಉಳುಕಿತು. ಹೀಗೆ ಒಂಬತ್ತು ತಿಂಗಳಾಯಿತು. ಅಷ್ಟರಲ್ಲಿ ಕೂಸು ಅಂಬೆಗಾಲಿಡಲು ಕಲಿತುಬಿಟ್ಟಿತು! ಅದೂ ಎಂಥ ಅಂಬೆಗಾಲು! ಫೋನಿನಲ್ಲಿ ನೋಡಿದರೆ ಈಗ ಕೂಸು, ಕಣ್ಣು ಮಿಟುಕಿಸುವಷ್ಟರಲ್ಲಿ ಬರೀ ನೆಲ.

ಬೀಗರು ಖಡಾಖಂಡಿತ ಹೇಳಿದರು: “ನಿಮ್ಮ ಹಿತ್ತಲ ಬಾವಿ ಕಟ್ಟಿ ಮೊಣಕಾಲಮಟ ಐತ್ರಿ. ಕೂಸು ಕಟ್ಟಿ ಹಿಡಕೊಂಡು ನಿಂತರ ತಲಿ ಒಳಗ ಹೋಗ್ತೈತಿ. ಬಾವಿ ಮುಚ್ಚೂ ತನಕ ಕಳಸಂಗಿಲ್ರಿ. ಸಿಟ್ಟಾಗಬ್ಯಾಡ್ರಿ.”

ನಾನು ಸಿಟ್ಟಾಗಲಿಲ್ಲ. ನ್ಯಾಯದ ಮಾತಿಗೆ ಸಿಟ್ಟಾಗಿ ಪ್ರಯೋಜನವಿಲ್ಲ. ಸೋಮವಾರ ಒಳ್ಳೆಯ ದಿನ ಎಂದು ನಿಶ್ಚಯವಾಯಿತು. ಆವತ್ತು ಮುಚ್ಚಳ ಇದ್ದರೆ ಮೊಮ್ಮಗಳು ಮನೆಗೆ. ಇಲ್ಲದಿದ್ದರೆ ಬಂದ ಗಾಡಿಯಲ್ಲೇ ವಾಪಸ್ಸು.

ನಾನು ಮೂರನೇ ಇಯತ್ತೆ ಕಲಿತವಳು. ಆದರೆ ನಲವತ್ತು ವರ್ಷದಿಂದ ಖಣದ ಕುಪ್ಪಸ ಹೊಲಿಯುತ್ತಿದ್ದೇನೆ. ನನ್ನ ಹೊಲಿಗೆ ಹಾನಗಲ್ಲಿನ ತನಕ ಹೋಗಿದೆ. ಅಳತೆಯ ವಿಷಯದಲ್ಲಿ ನನಗೆ ಬುದ್ಧಿ ಹೇಳುವವರು ಇನ್ನೂ ಹುಟ್ಟಿಲ್ಲ ಎಂಬ ಘನವಾದ ತಿಳಿವಳಿಕೆ ನನಗಿತ್ತು. ಎದೆ, ಸೊಂಟ, ತೋಳು ಎಲ್ಲವೂ ದುಂಡು. ದುಂಡಗಿನದನ್ನು ಟೇಪು ಸುತ್ತಿ ಅಳೆಯಬೇಕು. ಎದೆ ಮೂವತ್ತಾರು ಎಂದರೆ ಸುತ್ತ ಮೂವತ್ತಾರು. ಅಡ್ಡ ಮೂವತ್ತಾರು ಇದ್ದರೆ ಅವಳು ಹೆಂಗಸಲ್ಲ, ತಲಬಾಗಿಲು!

ಬಾವಿಯೂ ದುಂಡಗೇ ಇದೆ. ಬಾಯಿಯ ಒಳ ಅಂಚಿನ ಗುಂಟ ಟೇಪು ಹಿಡಿದು, ಸುಣ್ಣದ ಗುರುತು ಹಾಕುತ್ತ ಒಂದು ಸುತ್ತು ಬಂದೆ. ನೂರೈವತ್ತು ಇಂಚು. ಅಂದರೆ ಹನ್ನೆರಡೂವರೆ ಫೂಟು.

ನಮ್ಮನೆಯವರು ಸವಣೂರಿನ ಎಲೆಗೆ ಸುಣ್ಣ ಹಚ್ಚುತ್ತ ನೋಡುತ್ತಿದ್ದರು.

“ಅದನ್ನ ಅಡ್ಡ ಅಳೀಬೇಕೇನೊ, ಗಂಗವ್ವ?”

“ನೀವು ಯಾವಾಗ ಸೂಜಿ ಹಿಡದೀರಿ? ಸುಮ್ನ ಎಲಿ ತಿನ್ರಿ.”

ಅವರು ಸುಮ್ಮನೆ ಎಲೆ ತಿಂದರು. ಐವತ್ತು ವರ್ಷದ ಸಂಸಾರದಲ್ಲಿ ಅವರು ಕಲಿತ ವಿದ್ಯೆ ಅದೊಂದೇ.

ಶಿಗ್ಗಾಂವಿಯಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿರುವ ಇಮಾಮಸಾಬನಿಗೆ ಫೋನು ಹಚ್ಚಿದೆ.

“ಹನ್ನೆರಡೂವರೆ ಫೂಟಾ?” ಎಂದ. “ಅವ್ವಾರ, ಅದು ಹೊಲದ ಬಾವಿ ಏನ್ರಿ?”

“ಹಿತ್ತಲ ಬಾವಿ.”

“ನಿಮ್ಮ ಹಿತ್ತಲ ಎಷ್ಟ ಐತ್ರಿ?”

“ನನಗ ಹಿತ್ತಲಕ್ಕ ಮುಚ್ಚಳ ಬೇಕಾಗಿಲ್ಲೋ, ಬಾವಿಗೆ ಬೇಕು!”

“ಹಂಗಲ್ರಿ. ಒಂದ ಅಳತಿ ಮ್ಯಾಲ ಮಾಡಾಕ ಬರಂಗಿಲ್ಲ. ಕಟ್ಟಿ ದಪ್ಪ ಎಷ್ಟು, ಎತ್ತರ ಎಷ್ಟು, ಬಾಯಿ ಅಡ್ಡ ಎಷ್ಟು, ಎಲ್ಲಾ ಬೇಕ್ರಿ. ನಾ ಒಮ್ಮೆ ಬಂದು ನೋಡ್ತೇನಿ.”

“ನೋಡಾಕ ಅದೇನು ಕನ್ಯಾ ಐತೇನು? ಹನ್ನೆರಡೂವರೆ ಅಂದ್ರ ಹನ್ನೆರಡೂವರೆ. ಮಾಡ್ತೀಯೋ, ಬ್ಯಾರೇದವರಿಗೆ ಹೇಳ್ಲೋ?”

ಅವನು ಮಾಡಿದ.

ರವಿವಾರ ಮುಂಜಾನೆ ಟ್ರ್ಯಾಕ್ಟರ್ ಬಂತು. ಟ್ರೇಲಿಯಲ್ಲಿ ಎರಡು ಅರ್ಧಚಂದ್ರ! ಇಡಿಯಾಗಿ ತರಲಾಗದೆ ಮುಚ್ಚಳವನ್ನು ಎರಡು ಹೋಳು ಮಾಡಿ ತಂದಿದ್ದ. ಓಣಿಯವರೆಲ್ಲ ಹೊರಗೆ ಬಂದರು.

“ಯಾರ ಲಗ್ನಬೇ? ಸ್ಟೇಜು ಭಾಳ ಚಲೋ ಐತಿ!”

ಎಂಟು ಜನ ಸೇರಿ ಗೋಡೆಯ ಮೇಲಿಂದ ಅವನ್ನು ಹಿತ್ತಲಿಗೆ ದಾಟಿಸಿದರು. ಬಾವಿಯ ಮೇಲೆ ಜೋಡಿಸಿದರು. ಬಾವಿ ಮುಚ್ಚಿತು. ಬಟ್ಟೆ ಒಗೆಯುವ ಕಲ್ಲೂ ಮುಚ್ಚಿತು. ಕರುವಿನ ಗೂಟ ಮುಚ್ಚಿತು. ನಿಂಬೆಗಿಡ ಅರ್ಧ ಮುಚ್ಚಿ, ಉಳಿದರ್ಧ ಹೊರಗೆ ಇಣುಕಿ ನನ್ನನ್ನೇ ನೋಡಿತು. ಅಷ್ಟು ದೊಡ್ಡ ದುಂಡನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ನಿಜ ಹೇಳಬೇಕೆಂದರೆ ಬಾಯಿ ತೆರೆದುಕೊಂಡು ನಿಂತಿದ್ದೆ. ಎಷ್ಟು ಚೆಂದ ಇತ್ತು!

ನಮ್ಮನೆಯವರು ಎಲೆ ಉಗುಳಿ ಬಂದರು. “ಊರಾಗಿನ ಬಾವಿ ಎಲ್ಲಾ ಇಲ್ಲೇ ಕರಕೊಂಡು ಬಾ. ಒಂದಽ ಮುಚ್ಚಳದಾಗ ಮುಗೀತೈತಿ.”

ಇಮಾಮಸಾಬ ನಗಲಿಲ್ಲ. ಒಳ್ಳೆಯ ಮನುಷ್ಯ. ಹೋಳುಗಳನ್ನು ಸರಿಸಿ, ಕಿಸೆಯಿಂದ ದಾರ ತೆಗೆದು ಬಾವಿಯ ಬಾಯಿಗೆ ಅಡ್ಡ ಹಿಡಿದ. ನಾಲ್ಕು ಫೂಟು. ಅಷ್ಟುದ್ದಕ್ಕೆ ದಾರ ಕತ್ತರಿಸಿ ನನ್ನ ಕೈಗೆ ಕೊಟ್ಟ.

“ಈಗ ಇದನ್ನ ಸುತ್ತ ಇಟಗೋಂತ ಬರ್ರಿ, ಅವ್ವಾರ. ಎಷ್ಟ ಸಲ ಕುಂದರತೈತಿ ನೋಡ್ರಿ.”

ಮೂರು ಸಲ ಕೂತಿತು. ಒಂದು ಚೂರು ಬಾವಿ ಉಳಿಯಿತು.

“ಯಾವ ದುಂಡಕ್ಕಾದ್ರೂ ಹಿಂಗಽ ರೀ. ಮೂರು, ಮ್ಯಾಲೊಂದು ಚೂರು.”

ನಾನು ನಂಬಲಿಲ್ಲ. ಒಳಗೆ ಹೋಗಿ ರೊಟ್ಟಿ ಹಂಚು ತಂದೆ. ಹಂಚಿನ ಅಡ್ಡಕ್ಕೆ ದಾರ ಹಿಡಿದು ಸುತ್ತ ಅಳೆದೆ. ಮೂರು, ಮೇಲೊಂದು ಚೂರು! ಕೊಡದ ಬಾಯಿ ಅಳೆದೆ. ಮೂರು, ಮೇಲೊಂದು ಚೂರು! ಜರಡಿ, ಪರಾತ, ಟ್ರ್ಯಾಕ್ಟರಿನ ಗಾಲಿ ಅಳೆದೆ. ಕಡೆಗೆ ಕೈಯ ಬಳೆ ತೆಗೆದು ಅಳೆದೆ. ಅದರಲ್ಲೂ ಅಷ್ಟೇ. ನನ್ನ ಮೈಮೇಲೆ ಮುಳ್ಳೆದ್ದವು. ಬಾವಿಯ ಲೆಕ್ಕ ಬಳೆಯಲ್ಲಿದೆ, ಬಳೆಯ ಲೆಕ್ಕ ಬಾವಿಯಲ್ಲಿದೆ! ಐವತ್ತು ವರ್ಷ ಆ ಲೆಕ್ಕವನ್ನು ಕೈಯಲ್ಲಿ ಹಾಕಿಕೊಂಡು ತಿರುಗಿದ್ದೇನೆ, ನನಗೆ ಒಂದು ದಿನವೂ ಗೊತ್ತಾಗಿಲ್ಲ. ಬಳೆಗಾರ ‘ಎರಡು ಆರು’ ಎಂದು ಕೊಡುತ್ತಾನಲ್ಲ, ಅದೂ ಅಡ್ಡಳತೆಯೇ ಅಂತೆ. ಬಳೆ ತೊಡುವವಳು ನಾನು, ಅದರ ಅರ್ಥ ಗೊತ್ತಿರುವವನು ಇಮಾಮಸಾಬ!

“ಆ ಚೂರು ಎಷ್ಟೋ, ತಮ್ಮಾ?”

“ಏಳರಾಗ ಒಂದು ಪಾಲು ಅಂತಿದ್ರು ನಮ್ಮ ಉಸ್ತಾದ. ಆದ್ರ ಅದೂ ಪೂರಾ ಸರಿ ಅಲ್ಲಂತ. ಪೂರಾ ಇನ್ನೂ ಯಾರಿಗೂ ಸಿಕ್ಕಿಲ್ಲಂತ್ರಿ.”

ರೊಟ್ಟಿಯ ಹಂಚಿನಲ್ಲಿ ಯಾರಿಗೂ ಸಿಗದ ವಸ್ತು ಇದೆ ಎಂದರೆ ಸುಮ್ಮನೆ ಕೂಡುವುದಾದರೂ ಹೇಗೆ?

ಇಮಾಮಸಾಬ ಒಂದು ಅರ್ಧಚಂದ್ರದ ನಡುವೆ ಸಣ್ಣ ತೂತು ಕೊರೆದು ಮೊಳೆ ಊರಿ, ದಾರ ಕಟ್ಟಿ, ಸುಣ್ಣದ ಕಡ್ಡಿಯಿಂದ ಸುತ್ತ ಗೆರೆ ಎಳೆದ. ಎಂಥ ದುಂಡು! ಒಂದು ಮೊಳೆ, ಒಂದು ದಾರ, ಚಂದ್ರ ಸಿದ್ಧ! “ಇಷ್ಟು ಕತ್ತರಸ್ತೇನ್ರಿ” ಎಂದು ಹೇಳಿ ಚಹಾ ಕುಡಿಯಲು ಹೋದ.

ನಾನು ಅಳೆದು ನೋಡಿದೆ. ಅಡ್ಡ ಐದು ಫೂಟು! ಬಾವಿಯ ಬಾಯಿ ನಾಲ್ಕು. ಪಾಪ, ಗಡಿಬಿಡಿಯಲ್ಲಿ ತಪ್ಪಿದ್ದಾನೆ, ಅವನ ಮರ್ಯಾದೆ ಉಳಿಸೋಣ ಎಂದುಕೊಂಡೆ. ಸೆರಗಿನಿಂದ ಅವನ ಗೆರೆ ಒರೆಸಿದೆ. ಅದೇ ಮೊಳೆಗೆ ದಾರ ಗಿಡ್ಡ ಮಾಡಿ ಕಟ್ಟಿ, ನಾನೇ ಸ್ವಂತ ಕೈಯಿಂದ ನಾಲ್ಕು ಫೂಟಿನ ದುಂಡು ಬರೆದೆ. ಸುತ್ತು ಬಂದ ಗೆರೆ ಹೊರಟ ಜಾಗಕ್ಕೇ ಬಂದು ಕೂಡಿಕೊಂಡಾಗ ಕಣ್ಣಲ್ಲಿ ನೀರು ಬಂತು. ನಾನು ಅಳುವ ಹೆಂಗಸಲ್ಲ.

ಇಮಾಮಸಾಬ ಬಂದು, ಕರಿ ಕನ್ನಡಕ ಹಾಕಿಕೊಂಡು, ಗೆರೆಯ ಗುಂಟ ಕತ್ತರಿಸಿಬಿಟ್ಟ. ಇಬ್ಬರು ಎತ್ತಿ ಬಾವಿಯ ಮೇಲೆ ಇಟ್ಟರು.

ಇಟ್ಟರು ಎಂದರೆ ಇಡಲಿಲ್ಲ. ಬಾಯಿಗೆ ಸರಿಯಾಗಿ ಸಮ ಇತ್ತು. ಹಿಡಿಯಲು ಕಟ್ಟೆಯ ಮೇಲೆ ಒಂದು ಬೆರಳಷ್ಟೂ ಅಂಚಿಲ್ಲ. ಒಂದು ಕಡೆ ವಾಲಿತು, ಇನ್ನೊಂದು ಕಡೆ ಎದ್ದಿತು, ಹೋಯಿತು.

ಧುಡುಂ!

ಇಮಾಮಸಾಬ ಕನ್ನಡಕ ತೆಗೆದ. “ಅವ್ವಾರ, ನಾ ಐದು ಫೂಟ ಬರದಿದ್ದೆ. ಸುತ್ತಲೂ ಕಟ್ಟಿ ದಪ್ಪ ಅರ್ಧರ್ಧ ಫೂಟ ಐತ್ರಿ. ಮುಚ್ಚಳ ಕಟ್ಟಿ ಮ್ಯಾಲ ಕುಂದರಬೇಕಲ್ರಿ! ಬಾಯಿ ಅಡ್ಡಳತಿ ಒಂದಽ ಅಳತಿ. ಉಳಿದ ಅಳತಿಗೋಳು ಎಲ್ಲಿ ಹೋಗಬೇಕ್ರಿ?”

“ಬಾವ್ಯಾಗ ಹೋದವು” ಎಂದರು ನಮ್ಮನೆಯವರು.

ನಾನು ಬಾಯಿ ಮುಚ್ಚಿಕೊಂಡೆ. ಆ ದಿನ ನಮ್ಮ ಮನೆಯಲ್ಲಿ ಸರಿಯಾಗಿ ಕೂತ ಮೊದಲ ಮುಚ್ಚಳ ಅದೇ.

ದೇವರ ದಯೆ, ಇನ್ನೊಂದು ಅರ್ಧಚಂದ್ರ ಉಳಿದಿತ್ತು. ನನ್ನನ್ನು ಅಡಿಗೆಮನೆಯಲ್ಲಿ ಕೂರಿಸಿ, ಇಮಾಮಸಾಬ ಅದರಲ್ಲಿ ಐದು ಫೂಟಿನದನ್ನು ಕತ್ತರಿಸಿದ. ಅಂಚು ಉಜ್ಜಿ ನುಣುಪು ಮಾಡಿ, ತೆರೆದು ಮುಚ್ಚಲು ಬಿಜಾಗರಿ ಹಾಕಿ, ಕೊಂಡಿ ಹಚ್ಚಿ ಹೋದ. ಬಾವಿಗೆ ಈಗ ಎರಡು ಮುಚ್ಚಳ. ಮೇಲೊಂದು, ತಳದಲ್ಲೊಂದು.

ಸೋಮವಾರ ಬೀಗರು ಬುತ್ತಿ ಹೊತ್ತುಕೊಂಡು ಬಂದರು. ಒಳಗೆ ಬರುವ ಮೊದಲು ನೇರ ಹಿತ್ತಲಿಗೆ ಹೋದರು. ಮುಚ್ಚಳದ ಮೇಲೆ ಹತ್ತಿ ನಿಂತರು. ಕಾಲಿನಿಂದ ಗುದ್ದಿದರು.

“ಗಟ್ಟಿ ಐತ್ರಿ” ಎಂದರು.

ರೇಣುಕಾ ಕೂಸನ್ನು ಕೆಳಗೆ ಬಿಟ್ಟಳು. ಅದು ಯಾರನ್ನೂ ನೋಡಲಿಲ್ಲ, ಸರಸರ ಬಾವಿಗೇ ಹೋಯಿತು. ಕಟ್ಟೆ ಹಿಡಿದು ಎದ್ದು ನಿಂತು, ಮುಚ್ಚಳವನ್ನು ಎರಡೂ ಕೈಯಿಂದ ಬಡಿಯಿತು. ಢಣ್, ಢಣ್! ಕೆಳಗಿನ ನೀರು ಒಳಗಿಂದಲೇ ಉತ್ತರ ಕೊಟ್ಟಿತು. ಕೂಸು ನಕ್ಕಿತು. ಅಷ್ಟು ಸಾಕು ನನಗೆ.

ಮರುದಿನ ಮುಂಜಾನೆ ಎದ್ದವಳೇ ಕೂಸಿಗೆ ಖಣದ ಕುಲಾಯಿ ಹೊಲಿಯಲು ಕೂತೆ. ತಲೆ ದುಂಡು. ಇನ್ನು ಮೋಸ ಹೋಗುವವಳು ನಾನಲ್ಲ! ಟೇಪು ಸುತ್ತಲಿಲ್ಲ, ಅಡ್ಡ ಅಳೆದೆ. ಐದು ಇಂಚು. ಸುತ್ತಳತೆ ಐದು ಇಂಚು ಹಿಡಿದು ಕತ್ತರಿಸಿದೆ, ಹೊಲಿದೆ, ಜರದ ಅಂಚು ಕೂಡಾ ಹಚ್ಚಿದೆ.

ನಮ್ಮನೆಯವರು ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಹಿತ್ತಲಿಗೆ ಹೋಗಿ ಗಿಡದಿಂದ ಒಂದು ನಿಂಬೆಹಣ್ಣು ಹರಿದುಕೊಂಡು ಬಂದು, ಅದಕ್ಕೆ ತೊಡಿಸಿದರು.

ಅಳತೆ ಕರಾರುವಾಕ್ಕಾಗಿತ್ತು!