ಉಲಿಯಕ್ಕಿಗಳು ಬಾರದ ಯುಗಾದಿ

ಲೋಕ ಕೆಟ್ಟುಹೋಯಿತು ಎಂದು ಹೇಳುವುದರಲ್ಲಿ ಒಂದು ಸುಖವಿದೆ. ನಾವು ಮಾತ್ರ ನೆಟ್ಟಗಿದ್ದೇವೆ ಎಂದು ಬಾಯಿಬಿಟ್ಟು ಹೇಳದೆಯೇ ಹೇಳಿದಂತಾಗುತ್ತದೆ. ಈ ಸಲ ಯುಗಾದಿಯ ಆಸುಪಾಸಿನಲ್ಲಿ ನಾನು ಆ ಸುಖವನ್ನು ಹೊಟ್ಟೆತುಂಬ ಉಂಡೆ. ನಮ್ಮ ಸೀಮೆಗೆ ಉಲಿಯಕ್ಕಿಗಳು ಬರುವುದನ್ನೇ ನಿಲ್ಲಿಸಿವೆ ಎಂದು ಚಳ್ಳಕೆರೆಯ ಹೋಟೆಲುಗಳಲ್ಲೆಲ್ಲ ಸಾರಿದೆ. ಜಾಲಿ ಕಡಿದು ಇದ್ದಿಲು ಸುಡುವವರನ್ನು ಬೈದೆ, ಸೋಲಾರ್ ನೆಟ್ಟವರನ್ನು ಬೈದೆ, ಟೀ ತಣ್ಣಗಿದ್ದರೆ ಹೋಟೆಲಿನವನನ್ನೂ ಅದೇ ಗುಂಪಿಗೆ ಸೇರಿಸಿ ಬೈದೆ.

ಉಲಿಯಕ್ಕಿ ಎಂದರೆ ಬಣ್ಣಬಣ್ಣದ ಹಕ್ಕಿಯೆಂದು ಊಹಿಸಿಕೊಳ್ಳಬೇಡಿ. ಹೆಬ್ಬೆರಳಿನ ಗಾತ್ರದ, ಮಣ್ಣುಬಣ್ಣದ ಜೀವ. ಚಳಿಗಾಲ ಕಳೆಯಲು ಹಿಮಾಲಯದ ಆಚೆಯಿಂದ ಬಂದು, ಬಿಸಿಲೇರುತ್ತಿದ್ದಂತೆ ಜಾಲಿಹೂವಿನ ಹುಳು ತಿಂದು ಮೈ ತುಂಬಿಸಿಕೊಂಡು ವಾಪಸು ಹೊರಡುತ್ತದೆ. ಹೊರಡುವ ಮುಂಚಿನ ಆ ದಿನಗಳಲ್ಲಿ ಅದರ ಫೋಟೋ ತೆಗೆಯುವುದು ನನ್ನ ಹುಚ್ಚು. ಅದೋ ಒಂದು ಕಡ್ಡಿಯ ಮೇಲೆ ನಿಲ್ಲುವ ಪೈಕಿಯಲ್ಲ. ನಾನು ಗುಂಡಿ ಒತ್ತುವಷ್ಟರಲ್ಲಿ ಮುಳ್ಳು ಮಾತ್ರ ಉಳಿದಿರುತ್ತದೆ. ನನ್ನ ಹೆಂಡತಿ ಸರೋಜ ನನ್ನ ಸಂಗ್ರಹಕ್ಕೆ ಮುಳ್ಳಿನ ಆಲ್ಬಮ್ ಎಂದೇ ಹೆಸರಿಟ್ಟಿದ್ದಾಳೆ. ಪೊದೆಯೊಳಗಿನ ಈ ಹಕ್ಕಿಯನ್ನು ಕಣ್ಣಿನಿಂದ ಹುಡುಕಿದರೆ ಸಿಗದು. ಎರಡು ಬೆಣಚುಕಲ್ಲು ತಾಗಿಸಿದಂತೆ ಟಕ್, ಟಕ್ ಎನ್ನುತ್ತದೆ. ಆ ಸದ್ದು ಹಿಡಿದೇ ಹೋಗಬೇಕು. ಸದ್ದಿಲ್ಲವೆಂದರೆ ಹಕ್ಕಿಯಿಲ್ಲ ಎಂಬುದು ನಾನೇ ಮಾಡಿಕೊಂಡ ಶಾಸ್ತ್ರ.

ಸರೋಜಳ ತಮ್ಮ ಓಬಳೇಶ ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುತ್ತಾನೆ. ಪ್ರತಿ ವರ್ಷ ನನಗಾಗಿ ಒಂದು ದಿನ ಮಗ್ಗ ನಿಲ್ಲಿಸಿ ಗುಡ್ಡದ ಬುಡಕ್ಕೆ ಜೊತೆಯಾಗಿ ಬರುತ್ತಾನೆ. ಈ ಸಲ ಬೆಳಗಿನಿಂದ ಅಲೆದರೂ ಒಂದು ಟಕ್ ಇಲ್ಲ. ಒಂದೂ ಬಂದಿಲ್ಲ ನೋಡು ಎಂದೆ, ಹೌದು ಭಾವ ಎಂದ. ಕಾಲ ಕೆಟ್ಟಿತು ಎಂದೆ, ಅದಕ್ಕೂ ಹೌದೆಂದ. ಬರಿದಾದ ಪೊದೆಗಳ ಫೋಟೋವನ್ನಾದರೂ ನಾಲ್ಕು ಜನಕ್ಕೆ ತೋರಿಸಿ ಬುದ್ಧಿ ಹೇಳೋಣವೆಂದು ಕಂಡ ಪೊದೆಯನ್ನೆಲ್ಲ ಕ್ಲಿಕ್ಕಿಸಿದೆ. ಅವನ ಮನೆಗೆ ಬಂದು, ಮಗ್ಗದ ಪಕ್ಕ ಕೂತು, ಒಂದನ್ನು ದೊಡ್ಡದು ಮಾಡಿ ನೋಡಿದೆ. ಮುಳ್ಳುಗಳ ನಡುವೆ ಉಲಿಯಕ್ಕಿ ಕೂತಿತ್ತು. ಇಷ್ಟು ವರ್ಷಗಳಲ್ಲಿ ನನಗೆ ಸಿಕ್ಕ ಅತಿ ಸ್ಪಷ್ಟವಾದ ಚಿತ್ರ ಅದು. ಗಂಟಲು ಉಬ್ಬಿತ್ತು, ಕೊಕ್ಕು ಪೂರಾ ತೆರೆದಿತ್ತು.

ನಾನು ಓಬಳೇಶನ ಮುಖ ನೋಡಿದೆ. ಅವನು ನೆಲ ನೋಡಿದ.

"ಕೂಗ್ತಿತ್ತು ಭಾವ. ಎಲ್ಲಾ ಪೊದೆಯಾಗೂ ಕೂಗ್ತಿದ್ವು. ನೀವು ಇಲ್ಲ ಅಂದ್ರಿ. ನಾನು ಐತೆ ಅಂತ ಹೆಂಗನ್ಲಿ?"

ಅಕ್ಕನ ಗಂಡನಿಗೆ ಎದುರಾಡಬಾರದೆಂಬುದು ಅವರ ಮನೆಯ ಪದ್ಧತಿ. ಮದುವೆಯಾದಾಗಿನಿಂದ ಆ ಪದ್ಧತಿಯ ಸವಲತ್ತನ್ನು ನಾನು ಚೆನ್ನಾಗಿಯೇ ಅನುಭವಿಸಿದ್ದೇನೆ. ನಾನು ಕಿವುಡನೆಂಬ ಸುದ್ದಿಯನ್ನೂ ಅದು ನನ್ನಿಂದ ಮುಚ್ಚಿಡುತ್ತದೆಂದು ತಿಳಿದಿರಲಿಲ್ಲ.

ವಾಪಸು ಬರುವ ಬಸ್ಸಿನಲ್ಲಿ ತಳಕು ಊರು ದಾಟುವವರೆಗೂ ಅಳುತ್ತಲೇ ಇದ್ದೆ. ಹಕ್ಕಿಗಳು ಬಂದಿರಲಿಲ್ಲವೆಂದರೆ ಮುಂದಿನ ವರ್ಷ ಬರಬಹುದಿತ್ತು. ಹೋದದ್ದು ನನ್ನ ಕಿವಿ. ಎಣ್ಣೆ ಮಿಲ್ಲಿನಲ್ಲಿ ಫಿಟ್ಟರ್ ಆಗಿ, ಕಡಲೆಬೀಜ ಅರೆಯುವ ಯಂತ್ರಗಳ ನಡುವೆ ಆಯುಷ್ಯ ಸವೆಸಿದವನು ನಾನು. ಸಣ್ಣ, ಚೂಪಾದ ಸದ್ದುಗಳು ಮೊದಲು ಹೋಗುತ್ತವೆ, ಮತ್ತೆ ಬರುವುದಿಲ್ಲ ಎಂದರು ಚಿತ್ರದುರ್ಗದ ಡಾಕ್ಟರು. ಮಿಲ್ಲಿನ ಗಡಗಡ ಮಾತ್ರ ಈಗಲೂ ಸ್ವಚ್ಛವಾಗಿ ಕೇಳುತ್ತದೆ.

ಡಾಕ್ಟರ ಹತ್ತಿರ ಹೋಗಿಬಂದ ಸಂಜೆ ಅಡುಗೆಮನೆಯ ಬಾಗಿಲಲ್ಲಿ ನಿಂತೆ. ಸರೋಜ ನನಗೆ ಬೆನ್ನು ಮಾಡಿ ಒಲೆಯ ಮುಂದಿದ್ದಳು. ಮಗಳು ಗಂಡನ ಮನೆಗೆ ಹೋದಮೇಲೆ ಅಡುಗೆ ಮಾಡುವಾಗ ಹಾಡಿಕೊಳ್ಳುವುದನ್ನು ಅವಳು ಬಿಟ್ಟಿದ್ದಳು. ದುಃಖವಿರಬೇಕು, ಕೆದಕುವುದು ಬೇಡವೆಂದು ನಾನೂ ಸುಮ್ಮನಿದ್ದೆ. ಅಂದು ಧೈರ್ಯ ಮಾಡಿ, ಹಾಡೋದನ್ನ ಯಾಕೆ ಬಿಟ್ಟೆ ಎಂದು ಕೇಳಿಯೇಬಿಟ್ಟೆ.

ಅವಳು ತಿರುಗಿ, ಕೈಯ ಸೌಟನ್ನು ಹಾಗೇ ಹಿಡಿದು ನನ್ನನ್ನೇ ನೋಡಿದಳು.

"ಯಾವಾಗ್ರೀ ಬಿಟ್ಟೆ? ಈಗ್ಲೂ ಹಾಡ್ತಾನೇ ಇದ್ನಲ್ಲ."

ಈಚೆಗೆ ಕ್ಯಾಮೆರಾ ಹಿಡಿದು ಅಡುಗೆಮನೆಯಲ್ಲೇ ಕೂರುತ್ತೇನೆ. ನಿನ್ನೆ ತೆಗೆದದ್ದು ಚೆನ್ನಾಗಿ ಬಂದಿದೆ: ನನ್ನತ್ತ ಅರ್ಧ ತಿರುಗಿದ್ದಾಳೆ, ಬಾಯಿ ತೆರೆದಿದೆ. ಹಾಡೋ, ಬೈಗುಳವೋ ಫೋಟೋದಲ್ಲಿ ತಿಳಿಯುವುದಿಲ್ಲ. ಹಾಡೆಂದೇ ಇಟ್ಟುಕೊಂಡಿದ್ದೇನೆ.